ಹೊಟ್ಟಿನ ರಾಶಿ ಬೆಚ್ಚಗಿತ್ತು

ಮಂಡಕ್ಕಿ ಹುರಿಯುವುದನ್ನು ನನಗೆ ಕಲಿಸಿದವರು ನಮ್ಮ ಅತ್ತೆ. ಬೆಂಕಿಗೆ ಹೆದರುವುದನ್ನು ಕಲಿಸಿದವರೂ ಅವರೇ. ಹುರಿಯುವುದು ಬೇಗ ಬಂತು ಅಂತ ಹೇಳಲಾರೆ. ಹೆದರಿಕೆ ಮಾತ್ರ ಮೊದಲನೇ ದಿನವೇ ಬಂತು.

ಆಣೆ ಹೋಗಿ ನಯಾಪೈಸೆ ಬಂದು, ಅಂಗಡಿಯವರೂ ಗಿರಾಕಿಗಳೂ ಚಿಲ್ಲರೆಗಾಗಿ ಜಗಳ ಆಡುತ್ತಿದ್ದ ಕಾಲ ಅದು. ಶಿಕಾರಿಪುರದಲ್ಲಿ ಒಂದು ಅಕ್ಕಿ ಗಿರಣಿಯ ಹಿಂದೆ ನಾಲ್ಕು ಮನೆಗಳ ಸಾಲಿತ್ತು. ಗೋಡೆಗೆ ಗೋಡೆ ಅಂಟಿಕೊಂಡ ಮನೆಗಳು, ನಾಲ್ಕಕ್ಕೂ ಸೇರಿ ಒಂದೇ ಉದ್ದನೆಯ ಹುಲ್ಲಿನ ಸೂರು. ಕೊನೆಯ ಮನೆ ನಮ್ಮದು. ನಮ್ಮದು ಅಂದರೆ ಗಿರಣಿ ಸಾಹುಕಾರರದು. ನನ್ನ ಗಂಡ ಆ ಗಿರಣಿಯಲ್ಲಿ ಭತ್ತ ಸುರಿಯುವ ಕೆಲಸದಲ್ಲಿದ್ದರು, ಹಾಗಾಗಿ ಇರಲು ಬಿಟ್ಟಿದ್ದರು. ಸುಗ್ಗಿಯ ಭತ್ತ ಮುಗಿದರೆ ಗಿರಣಿ ವಾರದಲ್ಲಿ ಎರಡು ದಿನ ಓಡುತ್ತಿತ್ತು, ಕೂಲಿಯೂ ಅಷ್ಟೇ. ಮನೆಯಲ್ಲಿ ಅತ್ತೆ, ಎರಡು ಸಣ್ಣ ಮಕ್ಕಳು. ಏನಾದರೂ ಮಾಡಬೇಕಿತ್ತು, ಮಾಡಿದೆ. ಅದರಲ್ಲಿ ಹೆಚ್ಚುಗಾರಿಕೆ ಏನಿಲ್ಲ.

ಅತ್ತೆಯ ತವರು ಹರಿಹರದ ಕಡೆ. ಅಲ್ಲಿ ಅವರ ಅಪ್ಪನಿಗೆ ಮಂಡಕ್ಕಿ ಭಟ್ಟಿ ಇತ್ತಂತೆ. ಒಂದು ಬೇಸಿಗೆ ಕಿಡಿ ಹಾರಿ ಸೂರಿಗೆ ಹತ್ತಿ ಇಡೀ ಕೇರಿಯೇ ಹೋಯಿತಂತೆ. ಆ ಕಥೆಯನ್ನು ಅವರು ಒಂದು ಸಲವೂ ಪೂರ್ತಿ ಹೇಳಲಿಲ್ಲ. ಆದರೆ ನಾನು ಭಟ್ಟಿ ಹಾಕೋಣ ಅಂದಾಗ ಅವರು ತಲೆ ಎತ್ತಿ ನೋಡಿದ್ದು ಸೂರನ್ನು.

“ನಾಲ್ಕು ಮನಿಗೂ ಒಂದೇ ಸೂರು ಐತಿ. ಹತ್ತಿದ್ರೆ ನಮ್ಮದೊಂದೇ ಹತ್ತಂಗಿಲ್ಲ,” ಅಂದರು.

“ಹಂಗಾರೆ ಬ್ಯಾಡ ಬಿಡ್ರಿ ಅತ್ತೀ.”

“ಬ್ಯಾಡ ಅಂದ್ನೇನು? ಕೇಳಿಸ್ಕೋ ಅಂದೆ.”

ಅವರ ಕಟ್ಟಳೆಗಳು ಹೀಗಿದ್ದವು. ಒಲೆ ಮನೆಯೊಳಗೆ ಬೇಡ, ಹಿತ್ತಿಲಿನಲ್ಲಿ ಇರಲಿ, ಮೂರು ಕಡೆ ಎದೆಮಟ್ಟದ ಮಣ್ಣಿನ ಗೋಡೆ ಏಳಲಿ. ಗಾಳಿ ಎದ್ದ ಕೂಡಲೇ ಒಲೆ ಆರಬೇಕು, ಬಾಂಡ್ಲಿಯಲ್ಲಿ ಅಕ್ಕಿ ಇದ್ದರೂ ಸರಿ. ನಮ್ಮ ಕಡೆಯ ಸೂರಿನ ಅಂಚಿಗೆ ಹಸಿ ಗೋಣಿ ಹೊದಿಸಿರಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು, ಹುರಿಯುವಾಗ ಯಾವಾಗಲೂ ಇಬ್ಬರಿರಬೇಕು. ಒಬ್ಬರು ಬಾಂಡ್ಲಿ ನೋಡಬೇಕು, ಇನ್ನೊಬ್ಬರು ಸೂರು ನೋಡಬೇಕು. ನಾನು ಒಲೆಯ ಮುಂದೆ ಕೂತರೆ ಅತ್ತೆ ಕಂಬಕ್ಕೆ ಒರಗಿ, ಕತ್ತು ಮೇಲೆ ಮಾಡಿ ಕೂರುತ್ತಿದ್ದರು. ಬಾಯಲ್ಲಿ ಎಲೆ ಅಡಿಕೆ, ಕಣ್ಣು ಹುಲ್ಲಿನ ಮೇಲೆ. ಸಾಲಿನವರು ನಗುತ್ತಿದ್ದರು. ಪಕ್ಕದ ಮನೆ ಅಕ್ಕ ಅಂತೂ, “ಏನಜ್ಜೀ, ಮ್ಯಾಲೆ ಅಳಿಯ ಕೂತವನೇನು, ಅಷ್ಟು ನೋಡ್ತೀಯಲ್ಲ?” ಅಂತ ಕೇಳಿದ್ದಳು.

“ನಿನ್ನ ಕೂಸಿನ ತೊಟ್ಲು ಇದೇ ಸೂರಿನ ಕೆಳಗೇ ಐತಲ್ಲವ್ವಾ, ಅದಕ್ಕೇ ನೋಡ್ತೀನಿ,” ಅಂದರು ಅತ್ತೆ. ಆಮೇಲೆ ಅವಳು ನಗಲಿಲ್ಲ.

ಕೈಯಿಂದ ಹಣ ಹಾಕದೆ ಏನೇನು ಆಗುತ್ತೋ ಅಷ್ಟನ್ನೇ ಮಾಡಿದೆ. ಬಾಂಡ್ಲಿ ಒಂದು ಹೋಟೆಲಿನವರು ಅಂಚು ಒಡೆಯಿತೆಂದು ಮೂಲೆಗೆ ಹಾಕಿದ್ದು. ಅವರ ಪಾತ್ರೆಗಳನ್ನು ಒಂದಷ್ಟು ದಿನ ತಿಕ್ಕಿಕೊಟ್ಟು ತಂದೆ. ಮರಳು ಕುಮುದ್ವತಿ ಹೊಳೆಯದು. ಸೀರೆಯ ತುಂಡಿನಲ್ಲಿ ಸೋಸಿ, ತೊಳೆದು, ಒಣಗಿಸಿಕೊಂಡೆ. ಸೌದೆ ಕೊಳ್ಳುವ ಮಾತೇ ಇರಲಿಲ್ಲ, ಗಿರಣಿಯಲ್ಲಿ ಭತ್ತದ ಹೊಟ್ಟು ರಾಶಿ ರಾಶಿ ಬೀಳುತ್ತಿತ್ತು. ತೌಡನ್ನು ಸಾಹುಕಾರರು ಮಾರುತ್ತಿದ್ದರು, ಹೊಟ್ಟು ಅವರಿಗೆ ಕಸ.

“ಅಂಗಳ ದಿನಾ ನಾನು ಗುಡಿಸ್ತೀನಿ ಸಾಹುಕಾರ್ರೇ, ಹೊಟ್ಟು ನನಗೆ ಬಿಡ್ರೀ,” ಅಂದೆ.

“ಎಷ್ಟು ಬೇಕಾದ್ರೂ ಹೊತ್ಕೊಂಡು ಹೋಗಮ್ಮಾ, ನನ್ನ ಕಣ್ಣ ಮುಂದೆ ಇರದಿದ್ರೆ ಸಾಕು,” ಅಂದರು.

ಅಷ್ಟು ಮಾತು ಸಾಕಾಯಿತು. ಗಿರಣಿಯ ಹಿಂದಿನ ಗೋಡೆಗೂ ನಮ್ಮ ಮನೆಯ ಗೋಡೆಗೂ ನಡುವೆ ಒಂದಿಷ್ಟು ಜಾಗವಿತ್ತು. ದಿನಾ ಬುಟ್ಟಿ ಬುಟ್ಟಿ ಹೊಟ್ಟು ತಂದು ಅಲ್ಲಿ ಸುರಿದೆ. ಮಳೆಗಾಲದಲ್ಲಿ ಒಣ ಹೊಟ್ಟು ಸಿಗುವುದಿಲ್ಲ, ಈಗಲೇ ಕೂಡಿಟ್ಟರೆ ಆಮೇಲೂ ಒಲೆ ಉರಿಯುತ್ತದೆ ಅನ್ನುವುದು ನನ್ನ ಲೆಕ್ಕ. ರಾಶಿ ಬೆಳೆಯುವುದನ್ನು ನೋಡಿದರೆ ಹೊಟ್ಟೆ ತುಂಬಿದ ಹಾಗೆ ಆಗುತ್ತಿತ್ತು.

ಗಂಡನ ಕೂಲಿಯ ಬದಲು ಗಿರಣಿಯಿಂದ ಒಂದಷ್ಟು ಭತ್ತ ತಂದೆವು. ಮೊದಲ ಸಲ ಹುರಿದದ್ದು ಅರಳಲಿಲ್ಲ. ಭತ್ತ ನೆನೆಹಾಕಿ, ಕುದಿಸಿ, ನೀರು ಬಸಿದು, ಮರಳಿನಲ್ಲಿ ಒಮ್ಮೆ ಹುರಿದು, ಒಣಗಿಸಿ, ಗಿರಣಿಗೆ ಹಾಕಿ ಅಕ್ಕಿ ಮಾಡಿಸಬೇಕು. ಆ ಅಕ್ಕಿಗೆ ಉಪ್ಪುನೀರು ಹಿಡಿಸಿ, ಮಂದ ಉರಿಯಲ್ಲಿ ಕೈಯಾಡಿಸುತ್ತಾ ಪಸೆ ಆರಿಸಬೇಕು. ಆಮೇಲೆ ಚೆನ್ನಾಗಿ ಕಾದ ಮರಳಿಗೆ ಹಿಡಿ ಅಕ್ಕಿ ಬಿಟ್ಟು ಕಡ್ಡಿಪೊರಕೆಯಲ್ಲಿ ತಿರುವಿದರೆ, ನೋಡುನೋಡುತ್ತಲೇ ಬೆಳ್ಳಗೆ ಉಬ್ಬಿಕೊಳ್ಳುತ್ತದೆ. ಜರಡಿಗೆ ಸುರಿದರೆ ಮರಳು ಕೆಳಗೆ, ಮಂಡಕ್ಕಿ ಮೇಲೆ. ನಾನು ಪಸೆ ಆರುವ ಮೊದಲೇ ಆತುರಪಟ್ಟೆ. ಅಕ್ಕಿ ಕೆಂಪಗಾಗಿ ಕಲ್ಲಿನ ಹಾಗೆ ಉಳಿಯಿತು. ಅತ್ತೆ ಒಂದು ಕಾಳು ಬಾಯಿಗೆ ಹಾಕಿಕೊಂಡು ಹೊರಗೆ ಉಗಿದರು. “ಇದನ್ನ ಮಾರೋವಾಗ ಬೀಸೋಕಲ್ಲೂ ಜೊತಿಗೆ ಕೊಡು,” ಅಂದರು. ಎರಡನೆಯ ಸಲ ಅರ್ಧ ಅರಳಿತು. ಮೂರನೆಯದನ್ನು ಮೊರದಲ್ಲಿ ಹಾಕಿಕೊಂಡು ಗಿರಣಿಯ ಮುಂದೆ ಸರದಿ ಕಾಯುತ್ತಿದ್ದ ಗಾಡಿಯವರಿಗೆ ಮಾರಿದೆ.

ಮೊರದಿಂದ ಡಬ್ಬಕ್ಕೆ, ಡಬ್ಬದಿಂದ ಚೀಲಕ್ಕೆ ಬರಲು ಒಂದು ವರ್ಷದ ಮೇಲೇ ಹಿಡಿಯಿತು. ಶಿಕಾರಿಪುರದಲ್ಲಿ ಆಗಲೇ ಬೇರೆ ಭಟ್ಟಿಗಳಿದ್ದವು, ನನ್ನದು ಯಾರಿಗೆ ಬೇಕು? ಸೊರಬದ ಕಡೆ ಮಂಡಕ್ಕಿ ಮಾಡುವವರು ಕಡಿಮೆ ಅಂತ ಗಾಡಿಯವರೊಬ್ಬರು ಹೇಳಿದರು. ಒಂದು ಚೀಲ ಕಟ್ಟಿಕೊಂಡು ಬಸ್ಸಿನ ಹತ್ತಿರ ಹೋದೆ. ಒಬ್ಬಳೇ ಬಸ್ಸು ಹತ್ತಿದ್ದು ಅದೇ ಮೊದಲು. ಕಂಡಕ್ಟರ್ ಚೀಲದ ಗಾತ್ರ ನೋಡಿ ಲಗೇಜಿನ ಚಾರ್ಜು ಕೇಳಿದ.

“ಎತ್ತಿ ನೋಡಪ್ಪಾ, ತೂಕವೇ ಇಲ್ಲ. ಬರೀ ಗಾಳಿ ಐತೆ.”

“ಗಾಳಿಗೂ ಜಾಗ ಬೇಕಲ್ಲಮ್ಮಾ. ಬಸ್ಸಿನ ಮೇಲೆ ನಾಲ್ಕು ಜನದ ಗಂಟಿನ ಜಾಗ ತಿಂತೈತೆ ನಿನ್ನ ಗಾಳಿ.”

ತಾಳಗುಂದದ ಹತ್ತಿರ ಬರುವ ತನಕ ಅವನೊಡನೆ ಜಗಳ ಆಡಿದೆ, ಕೊನೆಗೆ ಕೊಟ್ಟೆ. ಸೊರಬದ ಬಸ್ ನಿಲ್ದಾಣದ ಮಗ್ಗುಲಲ್ಲೇ ಕಿರಾಣಿ ಅಂಗಡಿಯವರೊಬ್ಬರಿದ್ದರು, ವಯಸ್ಸಾದವರು. ಚೀಲದ ಬಾಯಿ ಬಿಚ್ಚಿ ಒಂದು ಹಿಡಿ ಬಾಯಿಗೆ ಹಾಕಿಕೊಂಡರು. ನಾನು ಅವರ ಮುಖ ನೋಡುತ್ತಾ ನಿಂತಿದ್ದೆ.

“ಎಂತದಮ್ಮಾ ಇದು, ಮಂಡಕ್ಕಿನೋ ಹತ್ತಿನೋ? ಅಗಿದ್ರೆ ಸದ್ದೇ ಇಲ್ಲ ಮಾರಾಯ್ತಿ!”

ಬಿಸಿಬಿಸಿಯಾಗಿ ಚೀಲಕ್ಕೆ ತುಂಬಿದ್ದೆ. ಒಳಗೇ ಬೆವರಿ ಮೆತ್ತಗಾಗಿತ್ತು. ಆ ಚೀಲ ವಾಪಸ್ಸು ಹೊತ್ತುಕೊಂಡು ಬಂದೆ. ಮುಂದಿನ ಸಲ ಚಾಪೆಯ ಮೇಲೆ ಹರಡಿ, ಪೂರ್ತಿ ಆರಲು ಬಿಟ್ಟು, ಚೀಲದೊಳಗೆ ಹಳೆಯ ಪಂಚೆ ಹಾಸಿ ತುಂಬಿ, ಸೊರಬದ ತಂಪು ಗಾಳಿ ಒಳಗೆ ಹೋಗದ ಹಾಗೆ ಬಾಯಿಗೆ ಎರಡೆರಡು ಗಂಟು ಹಾಕಿದೆ. ಅಂಗಡಿಯವರು ಅಗಿದರು. ಸದ್ದು ಬಂತು. ಒಂದು ಚೀಲ ಇಳಿಸಿಕೊಂಡರು. ಸ್ವಲ್ಪ ಕಾಲ ಕಳೆದ ಮೇಲೆ ವಾರಕ್ಕೆ ಎರಡು ಚೀಲವಾಯಿತು.

ಯುಗಾದಿ ಮುಗಿದ ಮೇಲೆ ಅವರೇ ಕೇಳಿದರು. “ಮಳೆ ಹಿಡಿಯೋಕೆ ಮುಂಚೆ ವಾರಕ್ಕೆ ನಾಲ್ಕು ಚೀಲ ಕೊಡ್ತೀಯ? ಗದ್ದೆ ಕೆಲಸ ಶುರುವಾದ್ರೆ ಆಳುಗಳಿಗೆ ಕೊಡಕ್ಕೆ ಎಲ್ಲರಿಗೂ ಬೇಕು. ನೀನು ಆಗಲ್ಲ ಅಂದ್ರೆ ಹಾನಗಲ್ ಕಡೆಯವನೊಬ್ಬ ಬಂದು ಹೋಗಿದಾನೆ.”

ಮುಂಗಡ ಕೊಡುತ್ತೇನೆ ಅಂದರು, ಬೇಡ ಅಂದೆ. ನಾಲ್ಕು ಚೀಲಕ್ಕೆ ಮಾತ್ರ ಹೂಂ ಅಂದೆ. ಹಾನಗಲ್ಲಿನವನ ಹೆಸರು ಕೇಳಿಯೇ ಹೂಂ ಅಂದೆ ಅನ್ನಿ. ಮನೆಗೆ ಬಂದು ಎರಡನೆಯ ಒಲೆ ಹೂಡಿದೆ. ಬಾಂಡ್ಲಿ ಬದಲು ದೊಡ್ಡ ಒಡಕು ಗಡಿಗೆಯ ಬುಡ. ಒಂದರಲ್ಲಿ ಅಕ್ಕಿಗೆ ಕಾವು ಕೊಡುವುದು, ಇನ್ನೊಂದರಲ್ಲಿ ಅರಳಿಸುವುದು. ಅತ್ತೆ ಸೂರಿಗೆ ಇನ್ನೂ ಎರಡು ಹಸಿ ಗೋಣಿ ಹೊದಿಸಿ ಕಂಬಕ್ಕೆ ಒರಗಿದರು.

ಈಗ ಬೂದಿಯ ಮಾತು ಹೇಳಬೇಕು. ಒಲೆಯ ಬೂದಿಯನ್ನು ಒಂದು ರಾತ್ರಿ ಆರಲು ಬಿಟ್ಟು, ಬೆಳಿಗ್ಗೆ ಬರಿಗೈ ಹಾಕಿ ನೋಡಿ, ಹೊಟ್ಟಿನ ರಾಶಿಯ ಪಕ್ಕದಲ್ಲಿ ಸುರಿಯುತ್ತಿದ್ದೆ. ಪಾತ್ರೆ ತಿಕ್ಕಲು ಬೇಕಾದವರು ಅಲ್ಲಿಂದ ಎತ್ತಿಕೊಂಡು ಹೋಗುತ್ತಿದ್ದರು. ಒಂದೇ ಒಲೆ ಇದ್ದಾಗ ಆ ಬೂದಿ ನಿಜವಾಗಿಯೂ ತಣ್ಣಗಿರುತ್ತಿತ್ತು. ಎರಡು ಒಲೆಯಾದ ಮೇಲೆ ಬೂದಿ ದುಪ್ಪಟ್ಟಾಯಿತು, ತಣಿಯಲು ಹೊತ್ತು ಕಡಿಮೆಯಾಯಿತು. ಹೊಟ್ಟಿನ ಬೂದಿಯ ಮೇಲೆ ಕೈ ಇಟ್ಟರೆ ತಂಪು, ಒಳಗೆ ಒಂದು ಗುಲಗಂಜಿಯಷ್ಟು ಕೆಂಡ ಇದ್ದರೂ ಗೊತ್ತಾಗುವುದಿಲ್ಲ. ಇದು ನನಗೆ ಗೊತ್ತಿರಲಿಲ್ಲ. ಅತ್ತೆಗೂ ಗೊತ್ತಿರಲಿಲ್ಲ, ಅವರ ತವರಿನಲ್ಲಿ ಸುಡುತ್ತಿದ್ದದ್ದು ಹತ್ತಿಕಟ್ಟಿಗೆ. ನಾವಿಬ್ಬರೂ ದಿನವಿಡೀ ಮೇಲೆ ನೋಡುತ್ತಿದ್ದೆವು.

ಒಂದು ಬೆಳಿಗ್ಗೆ ಇನ್ನೂ ಬಿಸಿಲು ಬಂದಿರಲಿಲ್ಲ. ಹೊಟ್ಟು ತುಂಬಿಕೊಳ್ಳಲು ರಾಶಿಯ ಮೇಲೆ ಕಾಲಿಟ್ಟೆ. ಬೆಚ್ಚಗಿತ್ತು.

ನಿನ್ನೆಯ ಬಿಸಿಲು ಉಳಿದಿರಬೇಕು ಅಂದುಕೊಂಡೆ. ಎರಡು ಹೆಜ್ಜೆ ಆಚೆ ಕಾಲಿಟ್ಟೆ, ತಣ್ಣಗಿತ್ತು. ಮತ್ತೆ ಈಚೆ ಬಂದೆ, ಬೆಚ್ಚಗಿತ್ತು. ಮೊಣಕೈವರೆಗೆ ಕೈ ತೂರಿಸಿದೆ. ಸುಡುತ್ತಿದ್ದ ಹಾಲಿನ ಪಾತ್ರೆ ಮುಟ್ಟಿದ ಹಾಗಾಗಿ ಕೈ ಕಿತ್ತುಕೊಂಡೆ. ಹೊಗೆ ಇಲ್ಲ, ಉರಿ ಇಲ್ಲ. ಸುಟ್ಟ ತೌಡಿನ ಒಂದು ಸಣ್ಣ ವಾಸನೆ ಅಷ್ಟೇ, ಅದೂ ಮೂಗು ಹತ್ತಿರ ತಂದರೆ. ರಾಶಿಯ ತುದಿ ಆಗಲೇ ನಮ್ಮ ಸೂರಿನ ಅಂಚು ಮುಟ್ಟುತ್ತಿತ್ತು. ಆ ಕಡೆ ಗಿರಣಿಯ ಗೋಡೆ, ಗೋಡೆಯ ಆಚೆ ಇಂಜಿನ್ನು, ಇಂಜಿನ್ನಿನ ಪಕ್ಕ ಎಣ್ಣೆಯ ಪೀಪಾಯಿ.

ಅತ್ತೆಯನ್ನು ಕರೆದು ಅವರ ಕೈಯನ್ನೂ ಅದೇ ಜಾಗದಲ್ಲಿ ಇಡಿಸಿದೆ. ಅವರು ಕೈ ಕಿತ್ತು ಸೀರೆಗೆ ಒರೆಸಿಕೊಂಡು, ರಾಶಿಯ ತುದಿ ಸೂರು ಮುಟ್ಟಿದ್ದ ಕಡೆ ನೋಡಿದರು. ಅದು ನನಗೆ ಬೆಂಕಿಗಿಂತ ಹೆಚ್ಚು ಭಯ ಹುಟ್ಟಿಸಿತು.

ಗಂಡನಿಗೆ ಹೇಳಿದೆ. ಅವರು ರಾಶಿಯನ್ನೂ ಗಿರಣಿಯ ಕಡೆಯನ್ನೂ ನೋಡಿ ದನಿ ತಗ್ಗಿಸಿದರು.

“ಯಾರಿಗೂ ಹೇಳಬ್ಯಾಡ. ನೀರು ಹೊಯ್ದು ಆರಿಸೋಣ. ಸಾಹುಕಾರ್ರಿಗೆ ತಿಳಿದ್ರೆ ನನ್ನ ಕೆಲಸಾನೂ ಹೋಗ್ತತಿ, ಮನೀನೂ ಹೋಗ್ತತಿ.”

“ಆರದಿದ್ರೆ?”

“ಬೆಂಕಿಗೆ ನೀರು ಹೊಯ್ದ್ರೆ ಆರದೇ ಏನಾಗ್ತತೇ?”

ನೀರು ಹೊಯ್ದೆವು. ಬಾವಿಯಿಂದ ಕೊಡ ಕೊಡ ಸೇದಿ ತಂದು, ಕೇಳಿದವರಿಗೆ ಹೊಟ್ಟಿನ ಧೂಳು ಹಾರದಿರಲಿ ಅಂತ ಹೇಳಿದೆವು. ಬುಸ್ ಅಂತ ಆವಿ ಬಂತು, ನಿಂತಿತು. ಕೈ ಇಟ್ಟರೆ ತಣ್ಣಗೆ. ಆರಿತು ಅಂದರು ಗಂಡ. ಮಾರನೆಯ ಬೆಳಿಗ್ಗೆ ಆ ಜಾಗ ತಣ್ಣಗೇ ಇತ್ತು, ಮೂರು ಮೊಳ ಈಚೆಗೆ, ನಮ್ಮ ಗೋಡೆಯ ಕಡೆಗೆ, ಬಿಸಿಯಾಗಿತ್ತು. ನೀರು ಮೇಲಿನ ಒಂದು ಗೇಣು ಹೊಟ್ಟನ್ನು ಹೆಪ್ಪುಗಟ್ಟಿಸಿತ್ತು, ಒಳಗಿನ ಬೆಂಕಿ ಅದರ ಕೆಳಗೆ ತನ್ನ ಪಾಡಿಗೆ ತಿನ್ನುತ್ತಾ ಬರುತ್ತಿತ್ತು.

ಅವತ್ತೂ ಮಂಡಕ್ಕಿ ಹುರಿದೆ. ಸೊರಬಕ್ಕೆ ನಾಲ್ಕು ಚೀಲ ಕೊಡುವ ಮಾತಿತ್ತು. ಕೈ ತನ್ನ ಕೆಲಸ ಮಾಡುತ್ತಿತ್ತು, ಬೆನ್ನು ಮಾತ್ರ ರಾಶಿಯ ಕಡೆಗೆ ಕಿವಿಗೊಟ್ಟಿತ್ತು. ಅತ್ತೆ ಕಂಬದ ಇನ್ನೊಂದು ಮಗ್ಗುಲಿಗೆ ತಿರುಗಿ ಕೂತಿದ್ದರು. ಅಷ್ಟು ಕಾಲದಲ್ಲಿ ಅವರು ಸೂರು ನೋಡದೆ ಕೂತದ್ದು ಅದೇ ಮೊದಲ ಸಲ. ರಾಶಿಯನ್ನೇ ನೋಡುತ್ತಿದ್ದರು. ಸಂಜೆ ಮಕ್ಕಳಿಬ್ಬರನ್ನೂ ಬಾಗಿಲ ಹತ್ತಿರ ಮಲಗಿಸಿದೆ. ಗಂಡ ಬಾಗಿಲಿಗೆ ಅಗಳಿ ಹಾಕದೇ ಬಿಟ್ಟರು.

ಬಸ್ಸಿಗೆ ಚೀಲ ಹಾಕುವ ದಿನ ಬಂತು. ನಾಲ್ಕೂ ಚೀಲ ಜಗುಲಿಯ ಮೇಲೆ ಬಾಯಿ ಕಟ್ಟಿ ನಿಂತಿದ್ದವು. ಪಕ್ಕದ ಮನೆಯ ಆಡುಮರಿ ಎಂದಿನ ಹಾಗೆ ರಾಶಿಯ ಮೇಲೆ ಹತ್ತಿತು. ನಡುವಿಗೆ ಹೋದ ಕೂಡಲೇ ಅದರ ಮುಂಗಾಲು ಒಳಗೆ ಹೂತುಹೋಯಿತು. ಆ ಕೂಗು ಈಗಲೂ ಕಿವಿಯಲ್ಲಿದೆ. ಕಿತ್ತುಕೊಂಡು ಓಡಿ ಬಂದಾಗ ಕಾಲಿನ ಕೂದಲು ಸೀದು, ಚರ್ಮ ಸುಲಿದಿತ್ತು. ಅದು ಕಾಲಿಟ್ಟ ಕಡೆ ತಂಬಿಗೆಯಷ್ಟು ತೂತು. ಹೆಪ್ಪುಗಟ್ಟಿದ ಹೊಟ್ಟಿನ ಕೆಳಗೆ ಟೊಳ್ಳಾಗಿತ್ತು. ಅದರ ತಳದಲ್ಲಿ ಕೆಂಪಗೆ ಕಾಣಿಸಿತು.

ಪಕ್ಕದ ಮನೆ ಅಕ್ಕ ಓಡಿ ಬಂದಳು. “ಲೇ, ನಿನ್ನ ಒಲೀ ಕೆಂಡ ಎಲ್ಲೆಲ್ಲಿ ಚೆಲ್ಲೀಯೇ? ಮೂಕ ಪ್ರಾಣಿ ಕಾಲು ಸುಟ್ಟೀಯಲ್ಲೇ!”

ಅವಳಿಗೆ ಇನ್ನೂ ಗೊತ್ತಾಗಿರಲಿಲ್ಲ. ಹೌದಕ್ಕಾ, ಕೆಂಡ ಬಿದ್ದಿತ್ತು ಅಂದಿದ್ದರೆ ಅವತ್ತಿಗೆ ಮುಗಿಯುತ್ತಿತ್ತು. ನನ್ನ ಗಂಡ ಅವಳ ಬೆನ್ನ ಹಿಂದೆ ನಿಂತು ತಲೆ ಅಲ್ಲಾಡಿಸಿದರು, ಬೇಡ ಅಂತ. ನಾಲ್ಕು ಮನೆಯ ಮಕ್ಕಳೂ ಆ ರಾಶಿಯ ಮೇಲೆ ಜಾರಾಟ ಆಡುತ್ತಿದ್ದವರೇ.

“ಅಕ್ಕಾ, ತೊಟ್ಲಿಂದ ಕೂಸಿನ್ನ ಎತ್ಕೊ. ಹೊರಗೆ ಬಾ,” ಅಂದೆ.

“ಯಾಕೇ?”

“ರಾಶಿ ಒಳಗೆ ಬೆಂಕಿ ಐತೆ. ಮೊನ್ನೆಯಿಂದ ಐತೆ.”

ಅವಳು ಬೈಯಲಿಲ್ಲ. ನನ್ನ ಮುಖವನ್ನೊಮ್ಮೆ ನೋಡಿ ಒಳಗೆ ಓಡಿದಳು. ನಾನು ಗಿರಣಿಗೆ ಓಡಿದೆ.

ಸಾಹುಕಾರರು ಗಾಡಿಯವರ ಹತ್ತಿರ ಮಾತಾಡುತ್ತಿದ್ದರು. ನಾನು ಎಲ್ಲರೆದುರೇ ಹೇಳಿದೆ, ಪಕ್ಕಕ್ಕೆ ಕರೆದು ಹೇಳುವಷ್ಟು ಪುರುಸೊತ್ತು ಇರಲಿಲ್ಲ. ಅವರು ಬಂದು ಕೈಯಲ್ಲಿದ್ದ ಕೊಡೆಯನ್ನು ರಾಶಿಗೆ ಚುಚ್ಚಿ ಎಳೆದರು. ಕೊಡೆಯ ಬಟ್ಟೆ ಹೊಗೆಯಾಡುತ್ತಿತ್ತು.

“ಯಾವಾಗಿನಿಂದ?”

“ಮೊನ್ನೆಯಿಂದ ಸಾಹುಕಾರ್ರೇ.”

“ಮೊನ್ನೆಯಿಂದ ಗೊತ್ತಿದ್ದು ಇವತ್ತು ಹೇಳ್ತಾ ಇದೀಯಾ?”

ಉತ್ತರಕ್ಕೆ ಅವರು ಕಾಯಲಿಲ್ಲ. ಇಂಜಿನ್ನು ನಿಲ್ಲಿಸಲು ಕೂಗಿದರು. ವರ್ಷಗಟ್ಟಲೆ ಕೇಳಿ ಕೇಳಿ ಕಿವಿಗೆ ಬೀಳದೇ ಹೋಗಿದ್ದ ಆ ಸದ್ದು ನಿಂತಾಗ, ಸಾಲಿನವರೆಲ್ಲ ಕರೆಯದೇ ಹೊರಗೆ ಬಂದರು.

ಮೊದಲು ಎಣ್ಣೆಯ ಪೀಪಾಯಿಯನ್ನು ರಸ್ತೆಗೆ ಉರುಳಿಸಿದರು. ಮನೆಗಳಿಂದ ಮುದುಕರನ್ನೂ ಮಕ್ಕಳನ್ನೂ ದನಕರುಗಳನ್ನೂ ಹೊರಗೆ ಕಳಿಸಿದರು. ಆಮೇಲೆ ರಾಶಿಯನ್ನು ಎಲ್ಲಿಂದ ಬಿಡಿಸಬೇಕು ಅಂತ ವಾದ ಹುಟ್ಟಿತು. ಬಿಸಿ ಇದ್ದ ಕಡೆಯಿಂದಲೇ ಬಗೆಯೋಣ ಅಂದ ಒಬ್ಬ ಹಮಾಲಿ. ಅವನು ಸಲಿಕೆ ಹಾಕಿ ಒಂದು ಬಾಚು ಬಾಚಿದ್ದೇ ತಡ, ಗಾಳಿ ಒಳಗೆ ಹೋಗಿ ಭಗ್ ಅಂತ ಆಳೆತ್ತರದ ಉರಿ ಎದ್ದಿತು. ಅವನ ಹುಬ್ಬು ಸೀದು ಹೋಯಿತು. ಮಣ್ಣು ಎರಚಿ ಆ ಬಾಯಿ ಮುಚ್ಚಿದರು. ಆಮೇಲೆ ಎಲ್ಲರಿಗೂ ಬುದ್ಧಿ ಬಂತು. ಇನ್ನೂ ತಣ್ಣಗಿದ್ದ ಕಡೆಯಿಂದ, ಬೆಂಕಿ ತಲುಪದ ನಮ್ಮ ಗೋಡೆಯ ಪಕ್ಕದಿಂದ, ಮೆಲ್ಲಗೆ ಬುಟ್ಟಿ ಬುಟ್ಟಿ ತೆಗೆಯುವುದು. ಭತ್ತ ಒಣಗಿಸುವ ಅಂಗಳಕ್ಕೆ ನೀರು ಹೊಯ್ದು, ಅದರ ಮೇಲೆ ತೆಳ್ಳಗೆ ಹರಡುವುದು. ಹರಡಿದ್ದಕ್ಕೆ ಮತ್ತೆ ನೀರು. ಹೆಂಗಸರು ಬಾವಿಯಿಂದ ಸಾಲುಗಟ್ಟಿ ಕೊಡ ಸಾಗಿಸಿದರು. ಯಾರೂ ನನ್ನ ಹತ್ತಿರ ಮಾತಾಡಲಿಲ್ಲ, ನಾನು ಕೊಟ್ಟ ಕೊಡ ಮಾತ್ರ ತೆಗೆದುಕೊಂಡರು.

ಗೋಡೆಗೂ ರಾಶಿಗೂ ನಡುವೆ ಒಬ್ಬರು ನಡೆಯುವಷ್ಟು ಸಂದು ಬಿತ್ತು. ಇನ್ನೇನು ಗೆದ್ದೆವು ಅನ್ನುವಾಗ ಬೇಸಿಗೆಯ ಮಧ್ಯಾಹ್ನದ ಗಾಳಿ ಎದ್ದಿತು. ಟೊಳ್ಳಾಗಿದ್ದ ರಾಶಿಯ ಮಗ್ಗುಲು ದಬದಬನೆ ಕುಸಿದು, ಒಳಗಿನ ಕೆಂಪು ಪೂರ್ತಿ ಬಯಲಾಯಿತು. ಉರಿಯ ನಾಲಿಗೆ ನೇರ ನಮ್ಮ ಸೂರಿನ ಮೂಲೆಗೆ ಚಾಚಿತು. ಹುಲ್ಲಿನ ತುದಿ ಕೆಂಪಗೆ ಸುರುಟಿಕೊಂಡಿತು.

“ಗೋಣಿ!” ಅಂತ ಅತ್ತೆ ಕೂಗಿದರು. “ಹಸೀ ಗೋಣಿ ತರ್ರೋ!”

ಸೂರಿನ ಮೇಲಿದ್ದ ಗೋಣಿಗಳು ಬಿಸಿಗೆ ಒಣಗಿ ಹೋಗಿದ್ದವು. ಗಿರಣಿಯಲ್ಲಿದ್ದ ಚೀಲಗಳೆಲ್ಲ ಊರವರ ಭತ್ತ ತುಂಬಿ ಹೊಲಿದವು. ಜಗುಲಿಯ ಮೇಲೆ ನನ್ನವು ನಾಲ್ಕಿದ್ದವು. ಬಿಚ್ಚಲು ಹೋದೆ, ಸೊರಬದ ಗಾಳಿಗೆ ಅಂತ ಹಾಕಿದ ಎರಡೆರಡು ಗಂಟು. ಎಳೆದಷ್ಟೂ ಬಿಗಿಯಾದವು.

“ಕುಡುಗೋಲು ತರ್ರೀ! ಕೊಯ್ರೀ!” ಅಂತ ಗಂಡನಿಗೆ ಕಿರುಚಿದೆ.

ಅವರು ಒಂದು ಕ್ಷಣ ನಿಂತರು. “ಸೊರಬಕ್ಕೆ?” ಅಂದರು.

“ಕೊಯ್ರೀ ಅಂದ್ನಲ್ಲಾ!”

ಕೊಯ್ದರು. ನಾಲ್ಕು ಚೀಲದ ಮಂಡಕ್ಕಿಯನ್ನೂ ಅಂಗಳಕ್ಕೆ ಸುರಿದೆ. ತೊಟ್ಟಿಯ ನೀರಿನಲ್ಲಿ ಅದ್ದಿದ ಗೋಣಿಯನ್ನು ಗಂಡ ಏಣಿ ಹತ್ತಿ ಸೂರಿನ ಮೂಲೆಗೆ ಒತ್ತಿ ಹಿಡಿದರು. ಉಳಿದ ಮೂರನ್ನು ಹಮಾಲಿಗಳು ಉರಿಯ ಮೇಲೆ ಹಾಕಿ ತುಳಿದರು, ಒಣಗಿದರೆ ಮತ್ತೆ ಅದ್ದಿದರು. ಅತ್ತೆ ಕೆಳಗೆ ನಿಂತು ಎಲ್ಲೆಲ್ಲಿ ಹುಲ್ಲು ಹೊಗೆಯಾಡುತ್ತೆ ಅಂತ ಕೂಗಿ ಕೂಗಿ ತೋರಿಸಿದರು. ಸೂರು ನೋಡುವುದರಲ್ಲಿ ಅವರಷ್ಟು ಪಳಗಿದ ಕಣ್ಣು ಅಲ್ಲಿ ಯಾರದಿತ್ತು?

ಹೊತ್ತು ಮುಳುಗುವಾಗ ರಾಶಿ ಇದ್ದ ಕಡೆ ಕರಿ ಕೆಸರು ಉಳಿದಿತ್ತು. ಸೂರಿನ ಒಂದು ಮೂಲೆ ಒಂದು ಮೊಳದಷ್ಟು ಕಪ್ಪಾಗಿತ್ತು. ನಾಲ್ಕೂ ಮನೆ ನಿಂತಿದ್ದವು. ಅಂಗಳದ ತುಂಬ ಬಿಳೀ ಮಂಡಕ್ಕಿ ಕೆಸರಿನಲ್ಲಿ ಕಲಸಿಹೋಗಿತ್ತು. ಕಾಗೆ, ಕೋಳಿ, ಆ ಕಾಲು ಸುಟ್ಟ ಆಡುಮರಿ ಎಲ್ಲ ಸೇರಿ ತಿನ್ನುತ್ತಿದ್ದವು.

ಸಾಹುಕಾರರು ಜಗುಲಿಯ ಮೇಲೆ ಕೂತು, ಸುಟ್ಟ ಕೊಡೆಯನ್ನು ಬಿಡಿಸಿ ಮಡಚಿ ನೋಡುತ್ತಿದ್ದರು. ಮನೆ ಬಿಡು ಅನ್ನುತ್ತಾರೆ ಅಂತ ನಾನು ಪಾತ್ರೆಗಳನ್ನು ಮನಸ್ಸಿನಲ್ಲೇ ಕಟ್ಟುತ್ತಿದ್ದೆ.

“ಹೊಟ್ಟು ನಂದು, ಬೆಂಕಿ ನಿಂದು. ಯಾರನ್ನ ಬಯ್ಯಲಿ?” ಅಂದರು. ಆಮೇಲೆ ಸಿಟ್ಟು ಬಂತು. “ಇನ್ನು ಮುಂದೆ ದಿನಕ್ಕೆ ಎಷ್ಟು ಸುಡ್ತೀಯೋ ಅಷ್ಟೇ ಹೊಟ್ಟು. ಒಂದು ಬುಟ್ಟಿ ಕೂಡಿಟ್ಟಿದ್ದು ಕಂಡ್ರೆ ಅವತ್ತೇ ಮನೆ ಖಾಲಿ. ಒಲೆ ಒಂದೇ. ಬೂದಿ ಹೊಳೆಗೆ.”

ಹೂಂ ಅಂದೆ. ಎರಡನೆಯ ಒಲೆಯನ್ನು ಅವತ್ತೇ ಕಾಲಿನಿಂದ ಒಡೆದು ಹಾಕಿದೆ.

ಮುಂದಿನ ವಾರ ಒಂದೇ ಚೀಲ ಹೊತ್ತುಕೊಂಡು ಸೊರಬಕ್ಕೆ ಹೋದೆ. ಬಸ್ಸಿನಲ್ಲಿ ಉದ್ದಕ್ಕೂ, ಅವರು ಚೀಲ ಮುಟ್ಟದೇ ಕಳಿಸಿದರೆ ಏನು ಅಂತ ಅದೊಂದೇ ಯೋಚನೆ. ಅಂಗಡಿಯ ಒಳಗೆ ಬೇರೆಯವರ ಮಂಡಕ್ಕಿ ಚೀಲ ಆಗಲೇ ಎರಡು ನಿಂತಿದ್ದವು.

“ನಿನ್ನ ಕಾದೂ ಕಾದೂ ಹಾನಗಲ್ಲಿನವನ ಹತ್ರ ತಗಂಡೆ,” ಅಂದರು ಅಂಗಡಿಯವರು. “ಬೆಂಕಿ ಬಿದ್ದಿದ್ದು ಬಸ್ಸಿನವನು ಹೇಳಿದ. ಈಗ ಎಷ್ಟು ಕೊಡ್ತೀಯ?”

“ವಾರಕ್ಕೆ ಒಂದು. ಆದ್ರೆ ಎರಡು.”

“ಒಂದು ಚೀಲಕ್ಕೆ ಎಂತ ವ್ಯಾಪಾರ ಮಾರಾಯ್ತಿ?”

“ದಿನಕ್ಕೆ ಸಿಗೋ ಹೊಟ್ಟಿಗೆ ಅಷ್ಟೇ ಅರಳೋದು. ಹೆಚ್ಚು ಅಂತ ಹೇಳಿದ್ರೆ ಸುಳ್ಳಾಗ್ತದೆ ರೀ.”

ಅವರು ಚೀಲದ ಬಾಯಿ ಬಿಚ್ಚಿ ಒಂದು ಹಿಡಿ ತೆಗೆದು ಬಾಯಿಗೆ ಹಾಕಿಕೊಂಡರು. ಅಗಿದ ಸದ್ದು ಆಚೆ ನಿಂತಿದ್ದ ನನಗೂ ಕೇಳಿಸಿತು. ಚೀಲವನ್ನು ಒಳಗೆ ಎಳೆದುಕೊಂಡರು, ಹಾನಗಲ್ಲಿನವನ ಚೀಲಗಳ ಮುಂದೆ ಇಟ್ಟರು.

ಒಂದೋ ಎರಡೋ ಚೀಲದಲ್ಲೇ ವರ್ಷಗಟ್ಟಲೆ ನಡೆದೆವು. ಎರಡನೆಯ ಒಲೆ ಮತ್ತೆ ಹೂಡಿದ್ದು ಸೂರಿಗೆ ಹೆಂಚು ಬಂದ ಮೇಲೆ. ಹೆಂಚು ಹಾಕಿಸಿದ್ದೂ ಮಂಡಕ್ಕಿಯಿಂದಲೇ, ಒಂದು ಸಾಲು ಒಂದು ಬೇಸಿಗೆ ಅನ್ನುವ ಹಾಗೆ. ಪಕ್ಕದ ಮನೆ ಅಕ್ಕ ಬಹಳ ಕಾಲ ನನ್ನ ಜೊತೆ ಮಾತು ಬಿಟ್ಟಿದ್ದಳು. ಆದರೆ ದಿನಾ ಸಂಜೆ ನಮ್ಮ ಹಿತ್ತಿಲಿಗೆ ಬಂದು, ನನ್ನನ್ನು ನೋಡದೇ, ಉಳಿದ ಹೊಟ್ಟಿನ ಬುಟ್ಟಿಗೆ ಕೈ ಹಾಕಿ ನೋಡಿ ಹೋಗುತ್ತಿದ್ದಳು. ಅವಳು ಬರುವ ಹೊತ್ತಿಗೆ ನಾನೇ ಬುಟ್ಟಿಯನ್ನು ಎದುರಿಗೆ ತಂದಿಟ್ಟಿರುತ್ತಿದ್ದೆ.

ಬೆಂಕಿ ಬಿದ್ದ ಆ ವರ್ಷದ ರೋಹಿಣಿ ಮಳೆ ಒಂದು ಸಂಜೆ ಒಮ್ಮೆಲೇ ಹುಯ್ಯಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ರಾಶಿ ಇದ್ದ ಜಾಗದಿಂದ, ಆ ಕರಿ ನೆಲದಿಂದ, ಬೆಳ್ಳಗೆ ಹೊಗೆ ಎದ್ದಿತು. ಕಾದ ನೆಲದ ಆವಿ ಅಂತ ಈಗ ಯಾರಿಗಾದರೂ ಗೊತ್ತಾಗುತ್ತದೆ. ಆಗ ನನಗೆ ಅದು ಬೆಂಕಿಯ ಹೊಗೆಯೇ. ಒಳಗೆ ಓಡಿ ತುಂಬಿದ ಕೊಡ ಎತ್ತಿಕೊಂಡು, ಸುರಿಯುವ ಮಳೆಯಲ್ಲಿ ಹೋಗಿ ಆ ನೆಲದ ಮೇಲೆ ನೀರು ಹೊಯ್ದೆ.

“ಏ ಹುಚ್ಚೀ!” ಅಂತ ಅತ್ತೆ ಬಾಗಿಲಿನಿಂದ ಕೂಗಿದರು. “ಮಳಿಗೆ ನೀರು ಸಾಲವಲ್ದೇನು, ನೀನೂ ಹೊಯ್ಯಾಕೆ ಹೋಗೀಯಲ್ಲ?”

ನಾನು ಕದಲಲಿಲ್ಲ. ಹೊಗೆ ಇನ್ನೂ ಏಳುತ್ತಿತ್ತು. ಅತ್ತೆ ಸೆರಗು ತಲೆಗೆ ಹೊದ್ದು, ಒಲೆಯ ಪಕ್ಕದ ತಂಬಿಗೆ ಹಿಡಿದುಕೊಂಡು ಮಳೆಗೆ ಇಳಿದು ಬಂದರು. ನನ್ನ ಪಕ್ಕ ನಿಂತು ಅದರಲ್ಲಿದ್ದ ನೀರನ್ನೂ ಅದೇ ಜಾಗಕ್ಕೆ ಹೊಯ್ದರು.